ಭಾನುವಾರದ ಕರೆಗಳು: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಐವತ್ತರ ಆಸುಪಾಸಿನ ಈ ಮಹಿಳೆ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸಹಕಾರಿ ಬ್ಯಾಂಕಿನಲ್ಲಿ ಉದ್ಯೋಗಿ. ಮಕ್ಕಳು ಓದಿಗೆಂದು ಊರು ಬಿಟ್ಟ ಮೇಲೆ ಲಲಿತ ಪ್ರಬಂಧ ಬರೆಯತೊಡಗಿ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿಗೆ ಕಳಿಸುತ್ತಿದ್ದರು. ಶನಿವಾರ ರಾತ್ರಿ ನಿದ್ದೆ ಬಾರದಿರುವುದು, ಎದೆಬಡಿತ, ಬರೆಯಲು ಕುಳಿತರೆ ಒಂದು ಸಾಲೂ ಮುಂದುವರಿಯದಿರುವುದು ಅವರು ಹೇಳಿಕೊಂಡ ತೊಂದರೆಗಳು.

ಮಳೆಗಾಲಕ್ಕೆ ಮನೆಯನ್ನು ಸಜ್ಜುಗೊಳಿಸುತ್ತಿದ್ದ ತಮ್ಮ ಅಜ್ಜಿಯ ಬಗ್ಗೆ ಅವರು ಬರೆದ ಮೊದಲ ಪ್ರಬಂಧ ಪ್ರಕಟವಾದ ದಿನ, ಅದರ ಕೆಳಗೆ ಅಚ್ಚಾಗಿದ್ದ ಮೊಬೈಲ್ ಸಂಖ್ಯೆಗೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕರೆಗಳು ಬಂದವು. ಗುರುತೇ ಇಲ್ಲದ ಹಿರಿಯರೊಬ್ಬರು, ನನ್ನ ತಾಯಿಯನ್ನು ಕಣ್ಣೆದುರು ತಂದು ನಿಲ್ಲಿಸಿದಿರಿ ಎಂದು ಅತ್ತರಂತೆ. ಅದಕ್ಕಿಂತ ಹೆಚ್ಚು ಶ್ರಮಪಟ್ಟು, ಹಲವು ಸಲ ತಿದ್ದಿ ಬರೆದ ಎರಡನೆಯ ಪ್ರಬಂಧಕ್ಕೆ ಒಂದೇ ಒಂದು ಕರೆಯೂ ಬರಲಿಲ್ಲ. ಮೂರನೆಯದಕ್ಕೆ ಕೆಲವು ಕರೆಗಳು ಬಂದವಾದರೂ ಅವುಗಳಲ್ಲೊಂದು, “ಇದನ್ನೆಲ್ಲ ಯಾಕೆ ಬರೀತೀರಿ, ಪತ್ರಿಕೆಯವರಿಗೂ ಬೇರೆ ಕೆಲಸವಿಲ್ಲವೇ” ಎಂಬ ಮಾತಿನದು. ನಂತರ ಯಾವಾಗ ಏನು ಬರುತ್ತದೆಂಬುದಕ್ಕೆ ಲೆಕ್ಕವೇ ಸಿಗದೆ, ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುವ ಅಭ್ಯಾಸ ಶುರುವಾಯಿತು. ಮೊದಲ ಪ್ರಬಂಧದ ಧಾಟಿಯಲ್ಲೇ ಅಜ್ಜಿಯ ಮೇಲೆ ಮತ್ತೆರಡು ಬರೆದರು. ಅವೂ ಸದ್ದಿಲ್ಲದೆ ಹೋದವು.

ನನ್ನ ಬಳಿ ಬಂದಾಗ ಅವರು ಮೊದಲು ಕೇಳಿದ್ದು ಇದನ್ನೇ: “ಮೇಡಂ, ಆ ಮೊದಲನೆಯದರಲ್ಲಿ ಏನಿತ್ತು, ಉಳಿದವುಗಳಲ್ಲಿ ಏನಿಲ್ಲ?”

ಮಾತುಕತೆಗೆ ಮೊದಲು ಎದೆಬಡಿತದ ಕಾರಣ ತಿಳಿಯಬೇಕಿತ್ತು. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಥೈರಾಯ್ಡ್ ತೊಂದರೆ, ರಕ್ತಹೀನತೆ, ಮುಟ್ಟು ನಿಲ್ಲುವ ಕಾಲದ ಏರುಪೇರು ಇವೆಲ್ಲವೂ ಹೀಗೆಯೇ ಕಾಣಿಸಿಕೊಳ್ಳಬಹುದಾದ್ದರಿಂದ ವೈದ್ಯರ ಬಳಿ ಕಳಿಸಿದೆ. ಪರೀಕ್ಷೆಗಳಲ್ಲಿ ದೋಷ ಕಾಣಲಿಲ್ಲ. ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 8 ಅಂಕ ಬಂತು. 5ರಿಂದ 9ರವರೆಗಿನ ಅಂಕವನ್ನು ಸೌಮ್ಯ ಎಂದೇ ಪರಿಗಣಿಸುತ್ತಾರೆ. ಸಾವಿನ ಯೋಚನೆ ಇರಲಿಲ್ಲ.

ಮನೆಯವರು ಭಗವದ್ಗೀತೆಯ ಮಾತು ನೆನಪಿಸಿ, ಫಲ ಬಯಸದೆ ಬರೆ ಎಂದಿದ್ದರು. ಆ ಶ್ಲೋಕದ ಬಗ್ಗೆ ನನಗೆ ಗೌರವವಿದೆ. ಆದರೆ ನೊಂದಿರುವವರಿಗೆ ಅದನ್ನು ಬುದ್ಧಿವಾದವಾಗಿ ಹೇಳಿದಾಗ, ಓದುಗರು ಬೇಕೆನ್ನಿಸಿದ್ದೇ ತಪ್ಪು ಎಂಬ ಹೊಸ ಭಾರ ಅವರ ಮೇಲೆ ಬೀಳುತ್ತದೆ. ಇವರಿಗೂ ಹಾಗೆಯೇ ಆಗಿತ್ತು. ಬರೆದದ್ದು ಯಾರನ್ನಾದರೂ ತಲುಪಬೇಕೆಂದು ಬಯಸುವುದರಲ್ಲಿ ದೋಷವಿಲ್ಲ, ಆ ಬಯಕೆ ಇಲ್ಲದಿದ್ದರೆ ಪತ್ರಿಕೆಗೆ ಕಳಿಸುವ ಅಗತ್ಯವೇ ಇರುತ್ತಿರಲಿಲ್ಲ ಎಂದು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿದೆ.

ಅವರ ಚಡಪಡಿಕೆ ಸ್ವಭಾವದ ದೌರ್ಬಲ್ಯವಲ್ಲ ಎಂಬುದನ್ನೂ ವಿವರಿಸಬೇಕಿತ್ತು. 1957ರಲ್ಲಿ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳೊಂದಿಗೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಎಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆಂಬುದು ಪ್ರತಿ ಬಾರಿಯೂ ಬದಲಾಗುತ್ತಿದ್ದಾಗ ಪಾರಿವಾಳಗಳು ಬಿಡುವಿಲ್ಲದೆ ಕುಕ್ಕುತ್ತಿದ್ದವು. ಪ್ರತಿ ಸಲವೂ ತಪ್ಪದೆ ಕಾಳು ಪಡೆದು ರೂಢಿಯಾದ ಹಕ್ಕಿ ಕಾಳು ನಿಂತೊಡನೆ ಬೇಗ ಬಿಟ್ಟುಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಪಡೆದದ್ದು ಬಹಳ ಕಾಲ ಬಿಡುವುದಿಲ್ಲ. ಮನುಷ್ಯರು ಪಾರಿವಾಳಗಳಲ್ಲ, ನಿಜ. ಆದರೂ ಫೋನನ್ನು ಮತ್ತೆಮತ್ತೆ ಎತ್ತಿ ನೋಡುವ ಕೈಯ ಹಿಂದೆ ಇದೇ ನಿಯಮ ಕೆಲಸ ಮಾಡುತ್ತಿದೆ ಎಂದು ತಿಳಿದಾಗ ಅವರಿಗೆ ತಮ್ಮ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು.

“ಏನಿತ್ತು, ಏನಿಲ್ಲ” ಎಂಬ ಅವರ ಪ್ರಶ್ನೆಗೆ ಉತ್ತರವಾಗಿ ಇನ್ನೊಂದು ಅಧ್ಯಯನವನ್ನು ಮುಂದಿಟ್ಟೆ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 14,000ಕ್ಕೂ ಹೆಚ್ಚು ಜನರಿಗೆ, ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಕೆಲವರು ಇತರರ ಆಯ್ಕೆ ತಿಳಿಯದೆ ಕೇಳಿದರು; ಹಾಡುಗಳ ಗುಣವನ್ನು ಅಳೆದದ್ದು ಇವರ ಆಯ್ಕೆಯಿಂದ. ಉಳಿದವರನ್ನು 8 ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನವರು ಏನನ್ನು ಆರಿಸಿದ್ದಾರೆಂಬುದು ಕಾಣುವಂತೆ ಮಾಡಿದರು. ಅತ್ಯುತ್ತಮವಾದವು ತೀರಾ ಕೆಳಗಿಳಿದದ್ದೂ ತೀರಾ ಕಳಪೆಯವು ಮೇಲೇರಿದ್ದೂ ಅಪರೂಪವಾಗಿತ್ತು. ನಡುವಿನ ಹಾಡುಗಳ ಗತಿ ಮಾತ್ರ ಊಹೆಗೆ ಮೀರಿತ್ತು: ಗುಣದಲ್ಲಿ ಮಧ್ಯಮವೆನ್ನಿಸಿದ ಒಂದೇ ಹಾಡು ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಏರಿದರೆ ಇನ್ನೊಂದರಲ್ಲಿ ನಲವತ್ತನೆಯದಾಯಿತು. ಹಾಡು ಅದೇ, ಕೇಳುವವರೂ ಅದೇ ಬಗೆಯವರು; ಮೊದಲು ಯಾರು ಏನನ್ನು ಆರಿಸಿದರೆಂಬ ಆಕಸ್ಮಿಕ ಮಾತ್ರ ಬೇರೆ. ಅವರ ಮೊದಲ ಪ್ರಬಂಧದ ದಿನವೂ ಇಂಥ ಅನೇಕ ಆಕಸ್ಮಿಕಗಳು ಒಟ್ಟಿಗೆ ಕೂಡಿಬಂದಿರಬೇಕು. ಪ್ರಬಂಧ ಚೆನ್ನಾಗಿರಲಿಲ್ಲ ಎಂದು ಇದರ ಅರ್ಥವಲ್ಲ. ಆದರೆ ಅಷ್ಟೊಂದು ಕರೆಗಳು ಬಂದ ದಿನವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಅದರ ಮುಂದೆ ಮುಂದಿನ ಬಹುಪಾಲು ಭಾನುವಾರಗಳು ಸೋಲಾಗಿಯೇ ಕಾಣುತ್ತವೆ.

ಸಲಹೆಗಳಲ್ಲಿ ಮುಖ್ಯವಾದದ್ದು, ಲೇಖನ ಕಳಿಸುವ ಮುನ್ನವೇ ಅದರ ಬಗ್ಗೆ ತಮ್ಮ ಅಭಿಪ್ರಾಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಎಲ್ಲಿ ಮಾತು ಸರಿಯಾಗಿ ಕೂತಿದೆ, ಎಲ್ಲಿ ಎಳೆದಂತಿದೆ ಎಂದು ಅವರೇ ದಾಖಲಿಸಬೇಕು. ಪ್ರಕಟವಾದ ನಂತರ ಕರೆ ಬಂದರೂ ಬಾರದಿದ್ದರೂ ಆ ಪುಟವನ್ನು ತಿದ್ದಬಾರದು. ಎರಡನೆಯದಾಗಿ, ತಪ್ಪದೆ ಪ್ರತಿಕ್ರಿಯೆ ಕೊಡುವ ಒಬ್ಬಿಬ್ಬರನ್ನು ಹುಡುಕಿಕೊಳ್ಳಲು ಹೇಳಿದೆ. ಎಂದೋ ಬರುವ ಕರೆಗಾಗಿ ಕಾಯುವ ಮನಸ್ಸಿಗೆ, ನಿಶ್ಚಿತವಾಗಿ ಸಿಗುವ ಓದುಗರೊಬ್ಬರಿದ್ದರೆ ದೊಡ್ಡ ಆಸರೆ. ಅವರು ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರನ್ನು ಆರಿಸಿಕೊಂಡರು. ಭಾನುವಾರ ಸಂಜೆ ಒಂದು ಗಂಟೆ ಮಾತ್ರ ಅಪರಿಚಿತರ ಕರೆಗಳಿಗೆ ಮೀಸಲಿಟ್ಟು, ರಾತ್ರಿ ಫೋನನ್ನು ಹಜಾರದಲ್ಲಿ ಬಿಡಬೇಕೆಂದು ಒಪ್ಪಂದವಾಯಿತು. ಒಂದು ಪ್ರಬಂಧ ಅಚ್ಚಾಗುವ ಮೊದಲೇ ಮುಂದಿನದರ ಕರಡು ಅರ್ಧವಾದರೂ ಆಗಿರಬೇಕು ಎಂದೂ ಹೇಳಿದೆ, ಏಕೆಂದರೆ ಕೈಯಲ್ಲಿ ಕೆಲಸವಿಲ್ಲದಾಗಲೇ ಮೌನಕ್ಕೆ ಅರ್ಥ ಹುಡುಕುವ ಕಾಟ ಹೆಚ್ಚು.

ಕಟುವಾಗಿ ಮಾತನಾಡಿದ ಆ ಕರೆಯ ವಿಷಯದಲ್ಲಿ ಹೆಚ್ಚು ಸಮಯ ಬೇಕಾಯಿತು. ಹತ್ತು ಮೆಚ್ಚುಗೆಗಿಂತ ಒಂದು ನಿಂದೆ ಆಳಕ್ಕಿಳಿಯುವುದು ಮನಸ್ಸಿನ ಸಾಮಾನ್ಯ ರೀತಿ. ಅದನ್ನು ಮರೆಯಿರಿ ಎನ್ನುವ ಬದಲು, ಆ ಮಾತಿನಲ್ಲಿ ಪ್ರಬಂಧದ ಯಾವ ಸಾಲಿನ ಬಗ್ಗೆಯಾದರೂ ಆಕ್ಷೇಪವಿದೆಯೇ ಎಂದು ಇಬ್ಬರೂ ಸೇರಿ ಪರಿಶೀಲಿಸಿದೆವು. ಒಂದೂ ಇರಲಿಲ್ಲ. ತಿದ್ದಿಕೊಳ್ಳಲು ಏನನ್ನೂ ಕೊಡದ ಮಾತನ್ನು ವಿಮರ್ಶೆಯ ಸಾಲಿಗೆ ಸೇರಿಸಬೇಕಿಲ್ಲ ಎಂಬ ತೀರ್ಮಾನ ಅವರದೇ.

ಈಗ ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ, ಬರವಣಿಗೆ ನಿಧಾನವಾಗಿ ನಡೆದಿದೆ, ಭೇಟಿಗಳನ್ನು ತಿಂಗಳಿಗೊಮ್ಮೆ ಎಂದು ನಿಗದಿಪಡಿಸಿದ್ದೇವೆ. ಅದರ ನಡುವೆ ಕಳವಳ ಹೆಚ್ಚಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ತಿಳಿಸಿದ್ದೇನೆ. ಲೇಖನದ ಕೆಳಗೆ ಮೊಬೈಲ್ ಸಂಖ್ಯೆ ಅಚ್ಚಾಗುವುದು ಬೇಡವೇ ಎಂಬ ಪ್ರಶ್ನೆಯನ್ನು ಅವರ ನಿರ್ಧಾರಕ್ಕೇ ಬಿಟ್ಟಿದ್ದೆ. ಸದ್ಯಕ್ಕೆ ಇರಲಿ ಎಂದಿದ್ದಾರೆ.