ಓವನ್‌ಗೆ ವ್ಯಾಕ್ಸ್ ಪೇಪರ್ ಹಾಕಬಹುದಾ?

ಮನೆಯಲ್ಲಿ ಒಂದು ರೋಲ್ ವ್ಯಾಕ್ಸ್ ಪೇಪರ್ ಇದೆ, ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) ನಾನ್‌ಖಟಾಯಿ ಮಾಡೋವಾಗ ಅದನ್ನೇ ಟ್ರೇಗೆ ಹಾಸಿದರೆ ಆಗಲ್ವಾ, ಪಾರ್ಚ್‌ಮೆಂಟ್ ಪೇಪರ್‌ಗೆ (ಓವನ್‌ನಲ್ಲಿ ಹಾಸೋಕೆಂದೇ ಬರೋ ಕಾಗದ) ಯಾಕೆ ಸುಮ್ನೆ ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಹಾಸಬೇಡಿ.

ವ್ಯಾಕ್ಸ್ ಪೇಪರ್ ಮೇಲೆ ಇರೋದು ಮೇಣ, ಹೆಚ್ಚಾಗಿ ಪ್ಯಾರಾಫಿನ್. ಅದು ಸುಮಾರು 50-60 ಡಿಗ್ರಿಗೇ ಕರಗಲು ಶುರುವಾಗುತ್ತದೆ. ನಾನ್‌ಖಟಾಯಿಗೆ ನೀವು ಇಡೋದು 160-170 ಡಿಗ್ರಿ. ಮೇಣ ಕರಗಿ ಬಿಸ್ಕತ್ತಿನ ತಳಕ್ಕೆ ಹತ್ತುತ್ತದೆ, ಟ್ರೇಗೂ ಇಳಿಯುತ್ತದೆ, ಹೊಗೆ ಬರುತ್ತದೆ. ಓಟಿಜಿ ಒಳಗೆ ಜಾಗ ಕಮ್ಮಿ, ಕಾದ ರಾಡ್ ಕಾಗದಕ್ಕೆ ಹತ್ತಿರವೇ ಇರುತ್ತದೆ, ಹಾಗಾಗಿ ಹೊತ್ತಿಕೊಳ್ಳುವ ಭಯವೂ ಇದೆ.

ಪಾರ್ಚ್‌ಮೆಂಟ್ ಮೇಲಿರೋದು ಸಿಲಿಕೋನ್. ಅದು ಕರಗಲ್ಲ. ಸಾಮಾನ್ಯವಾಗಿ 215-220 ಡಿಗ್ರಿವರೆಗೆ ತಡೆಯುತ್ತದೆ, ಡಬ್ಬದ ಮೇಲೆ ಬರೆದಿರುತ್ತಾರೆ, ನೋಡಿಕೊಳ್ಳಿ. ಗ್ರಿಲ್ ಮೋಡ್‌ನಲ್ಲಿ ಮಾತ್ರ ಅದೂ ಬೇಡ. ಬಿಸ್ಕತ್ತಿಗೆ ಹಾಸಿದ ಹಾಳೆ ಕಪ್ಪಾಗಿ ಪುಡಿಪುಡಿ ಆಗೋವರೆಗೆ ಮತ್ತೆ ಮತ್ತೆ ಬಳಸಬಹುದು, ಆದ್ದರಿಂದ ಅಷ್ಟೇನೂ ದುಬಾರಿ ಬೀಳಲ್ಲ.

ಕೇಕ್ ಹಿಟ್ಟಿನ ಕೆಳಗೆ ವ್ಯಾಕ್ಸ್ ಪೇಪರ್ ಹಾಕಿದರೆ ಪರವಾಗಿಲ್ಲ ಅಂತ ಕೆಲವರು ಹೇಳ್ತಾರೆ. ಹಿಟ್ಟು ಪೂರ್ತಿ ಮುಚ್ಚಿದ ಕಡೆ ಕಾಗದ ಹೊತ್ತಿಕೊಳ್ಳಲ್ಲ, ನಿಜ. ಆದರೆ ಕೇಕ್ ಒಳಗೆ ಬೇಯೋದೇ 95 ಡಿಗ್ರಿ ದಾಟಿದ ಮೇಲೆ ಅಲ್ವಾ, ಅಷ್ಟರಲ್ಲಿ ಮೇಣ ಕರಗಿ ಕೇಕಿನೊಳಗೆ ಸೇರಿರುತ್ತದೆ. ಇಷ್ಟೊಂದು ಬೆಣ್ಣೆ, ಸಕ್ಕರೆ ಹಾಕಿ ಮಾಡಿದ್ದಕ್ಕೆ ಮೇಣ ಯಾಕೆ ಹಿಡಿಸಬೇಕು? ಕುಕ್ಕರ್‌ನಲ್ಲಿ ಉಪ್ಪು ಹಾಕಿ ಕೇಕ್ ಮಾಡೋರಿಗೂ ಇದೇ ಮಾತು.

ನಿಜವಾದ ತೊಂದರೆ ಇರೋದು ಅಂಗಡಿಯಲ್ಲಿ. ಇಂಥ ಕಾಗದಕ್ಕೆಲ್ಲ ಬಟರ್ ಪೇಪರ್ ಅಂತಲೇ ಹೆಸರು, ಅದನ್ನು ಕೊಡಿ ಅಂದರೆ ಒಂದೊಂದು ಕಡೆ ಒಂದೊಂದು ಥರದ್ದು ಕೊಡ್ತಾರೆ. ಮನೆಗೆ ತಂದ ಮೇಲೆ ಉಗುರಿನಿಂದ ಗೀರಿ ನೋಡಿ. ಬಿಳಿ ಗೆರೆ ಮೂಡಿ, ಉಗುರಿನ ಸಂದಿಯಲ್ಲಿ ಜಿಡ್ಡುಜಿಡ್ಡಾದ ಪುಡಿ ಸಿಕ್ಕರೆ ಅದು ಮೇಣದ್ದು. ಗೆರೆ ಬೀಳದಿದ್ದರೆ ನಾಲ್ಕು ಹನಿ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ಮುತ್ತಿನ ಹಾಗೆ ನಿಂತರೆ ಹೆಚ್ಚಾಗಿ ಸಿಲಿಕೋನ್ ಇರುತ್ತದೆ. ಕಾಗದ ಉಬ್ಬಿ ಸುಕ್ಕುಗಟ್ಟಿದರೆ ಅದು ಏನೂ ಸವರದ ಕಾಗದ, ಓವನ್‌ಗೆ ಹಾಕಬಹುದು, ಆದರೆ ಮೇಲೆ ಬೆಣ್ಣೆ ಸವರಲೇಬೇಕು, ಇಲ್ಲಾಂದ್ರೆ ಕೇಕ್ ಕಚ್ಚಿಕೊಳ್ಳುತ್ತದೆ.

ನಿಮ್ಮ ರೋಲ್ ಎಸೆಯಬೇಡಿ. ಲಟ್ಟಿಸಿದ ಹಸಿ ಚಪಾತಿಗಳ ಮಧ್ಯೆ ಇಟ್ಟು ಫ್ರಿಜ್‌ಗೆ ಹಾಕೋಕೆ, ತಣ್ಣಗಾದ ಕೊಬ್ಬರಿ ಮಿಠಾಯಿ, ಚಿಕ್ಕಿ ಸುತ್ತಿಡೋಕೆ ಅದು ಬಹಳ ಚೆನ್ನಾಗಿ ಒದಗುತ್ತದೆ.

ಇವತ್ತೇ ನಾನ್‌ಖಟಾಯಿ ಮಾಡಬೇಕು ಅಂದರೆ ಕಾಗದವೇ ಬೇಡ. ಟ್ರೇಗೆ ತೆಳ್ಳಗೆ ತುಪ್ಪ ಸವರಿ, ಚಿಟಿಕೆ ಮೈದಾ ಉದುರಿಸಿ, ಟ್ರೇ ತಿರುಗಿಸಿ ತಟ್ಟಿ ಹೆಚ್ಚಿನ ಹಿಟ್ಟು ಕೊಡವಿಬಿಡಿ. ಬೆಂದ ತಕ್ಷಣ ಎತ್ತಲು ಹೋಗಬೇಡಿ, ಬಿಸಿಯಲ್ಲಿ ಮುರಿಯುತ್ತವೆ. ಹತ್ತು ನಿಮಿಷ ಬಿಟ್ಟರೆ ತಾವಾಗಿ ಬಿಡುತ್ತವೆ.