ಹಾಲು-ತುಪ್ಪ ಇಲ್ಲದ ಹೋಟೆಲ್, ಜೊತೆಗೊಂದು ಬಾರ್: ನಡೆಸೋಕೆ ಆಗುತ್ತಾ?

ಹುಬ್ಬಳ್ಳಿಯಲ್ಲಿ ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಬಳಸದ ಹೋಟೆಲ್ ತೆರೆಯಬೇಕು, ಅದರಲ್ಲೇ ಒಂದು ಬಾರ್ ಕೂಡ ಇರಬೇಕು ಅಂತ ಬರೆದಿದ್ದೀರಿ. ಜನ ಬರ್ತಾರಾ, ಬಾರ್ ಇಟ್ಟುಕೊಂಡು ನೀತಿ-ನಿಯತ್ತಿನ ಮಾತಾಡಬಹುದಾ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಆರು ವರ್ಷದಿಂದ ಇಂಥದ್ದೇ ಒಂದು ಜಾಗ ನಡೆಸುತ್ತಿದ್ದೇನೆ. ನಾನು ಕಂಡಿದ್ದನ್ನು ಹೇಳುತ್ತೇನೆ.

ಜನ ಬರ್ತಾರೆ. ಆದರೆ 'ವೀಗನ್' (ಪ್ರಾಣಿಗಳಿಂದ ಬರುವ ಯಾವುದನ್ನೂ ಬಳಸದ ಊಟ) ಅನ್ನೋ ಬೋರ್ಡ್ ನೋಡಿ ಬರೋರು ಕಡಿಮೆ, ಊಟ ಚೆನ್ನಾಗಿದೆ ಅಂತ ಬರೋರೇ ಜಾಸ್ತಿ. ಇದು ನನಗೆ ತಡವಾಗಿ ಗೊತ್ತಾಯಿತು. ಶುರುವಿನಲ್ಲಿ ಗೋಡಂಬಿ ಚೀಸ್ ಹಾಕಿದ ಪಿಜ್ಜಾ, ಸೋಯಾ ಬರ್ಗರ್ ಅಂತ ಮಾಡಿದೆವು. ಒಮ್ಮೆ ತಿಂದವರು ಮತ್ತೆ ಬರಲಿಲ್ಲ. ನಮ್ಮ ಅಡುಗೆಯವರು ಬಾಗಲಕೋಟೆ ಕಡೆಯವರು. ಒಂದಿನ ಅವರೇ ಕೇಳಿದರು, "ನಮ್ಮನಿ ಊಟದಾಗ ಹಾಲು ಎಲ್ಲೈತ್ರಿ?" ಹೌದಲ್ವಾ? ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮುದ್ದೆ-ಬಸ್ಸಾರು, ಪತ್ರೊಡೆ, ನೀರುದೋಸೆಗೆ ಬೆಲ್ಲ ಹಾಕಿದ ಕಾಯಿಹಾಲು. ಯಾವುದಕ್ಕೂ ಹಸು ಬೇಕಿಲ್ಲ. ಮಾರನೇ ವಾರವೇ ಮೆನು ಬದಲಾಯಿತು. ನಿಮ್ಮೂರಿನ ಗಿರ್ಮಿಟ್, ಮಿರ್ಚಿ ಕೂಡ ಈ ಪಟ್ಟಿಗೆ ಸೇರುತ್ತವೆ.

ಕಷ್ಟ ಇರೋದು ಎರಡೇ ಕಡೆ, ಕಾಫಿ ಮತ್ತು ಮೊಸರು. ಡಿಕಾಕ್ಷನ್‌ನಲ್ಲಿ ಹುಳಿ ಇರೋದರಿಂದ ಸೋಯಾ ಹಾಲು ಬಿಸಿಯಲ್ಲಿ ಒಡೆಯುತ್ತದೆ. ಓಟ್ಸ್ ಹಾಲು ಅಷ್ಟಾಗಿ ಒಡೆಯಲ್ಲ, ನಾವು ಅದನ್ನೇ ಬಳಸುತ್ತೇವೆ. ಆದರೂ ಹಸುವಿನ ಹಾಲಿನ ಕಾಫಿ ರುಚಿ ಬರಲ್ಲ. ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡುತ್ತೇವೆ.

ಮೊಸರನ್ನು ಮಾತ್ರ ಗೆದ್ದಿದ್ದೇವೆ. ಕಡಲೆಕಾಯಿ ಬೀಜವನ್ನು ರಾತ್ರಿಯೆಲ್ಲ ನೆನೆಸಿ, ಸಿಪ್ಪೆ ಉಜ್ಜಿ ತೆಗೆಯಬೇಕು. ಸಿಪ್ಪೆ ಉಳಿದರೆ ಒಗರು. ಒಂದು ಹಿಡಿ ಗೋಡಂಬಿ ಸೇರಿಸಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳ ಹಿಡಿಯದ ಹಾಗೆ ತಿರುವುತ್ತಾ ಕುದಿಸಬೇಕು. ಬೆರಳು ಅದ್ದಿದರೆ ಉಗುರು ಬೆಚ್ಚಗಿರುವಾಗ ಹತ್ತು-ಹನ್ನೆರಡು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಬೇಕು. ಹಾಲು ಹುಳಿ ಬರಿಸುವ ಬ್ಯಾಕ್ಟೀರಿಯಾ ಆ ತೊಟ್ಟಿನಲ್ಲೇ ಇರುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ಸಲದ್ದಕ್ಕೆ ಸ್ವಲ್ಪ ವಾಸನೆ. ಅದನ್ನೇ ಹೆಪ್ಪು ಹಾಕಿ ಮಾಡಿದ ಎರಡನೇ ಸಲದ್ದು ಚೆನ್ನಾಗಿರುತ್ತದೆ. ಸಾಸಿವೆ, ಇಂಗು, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದ ಮೊಸರನ್ನ ತಿಂದವರು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಯಾಕೆ ಅಂತ ಕೇಳೋರು ಇದ್ದಾರೆ. ನಮ್ಮ ಮನೆಯಲ್ಲೂ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನೋ ವಿದೇಶಿ ತಳಿಯ ಹಸು ಇತ್ತು. ಗಂಡು ಕರು ಹುಟ್ಟಿದರೆ ಅಮ್ಮನ ಮುಖ ಸಪ್ಪಗಾಗುತ್ತಿತ್ತು. ಈ ಜಾತಿಗೆ ನಾಟಿ ಎತ್ತಿನ ಹಾಗೆ ಹೆಗಲ ಮೇಲೆ ಡುಬ್ಬ ಇರಲ್ಲ, ನೊಗ ನಿಲ್ಲಲ್ಲ, ಸಾಕಿದರೆ ಬರೀ ಖರ್ಚು. ಎರಡು-ಮೂರು ವಾರದಲ್ಲಿ ಯಾರೋ ಬಂದು ಕರು ಹಿಡಿದುಕೊಂಡು ಹೋಗುತ್ತಿದ್ದರು. ಅಮ್ಮ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಡೇರಿಗೆ ಹಾಲು ಹಾಕುವವರನ್ನು ನಾನು ದೂರಲ್ಲ, ಆ ದುಡ್ಡಲ್ಲೇ ನಾನು ಓದಿದ್ದು. ನನ್ನ ಅಡುಗೆಮನೆಯಲ್ಲಿ ಆ ಕರುವಿನ ಲೆಕ್ಕ ಇರಬಾರದು, ಅಷ್ಟೇ.

ಈಗ ಬಾರ್ ವಿಷಯ. ಕುಡಿಯೋದರಲ್ಲಿ ಪ್ರಾಣಿ ಎಲ್ಲಿಂದ ಬಂತು ಅಂತ ನನಗೂ ಅನ್ನಿಸಿತ್ತು. ವೈನ್ ತಿಳಿಯಾಗಲಿ ಅಂತ ಮೊಟ್ಟೆ ಬಿಳಿ, ಹಾಲಿನ ಕೇಸಿನ್, ಪ್ರಾಣಿಗಳ ಮೂಳೆ-ಚರ್ಮದಿಂದ ಬರುವ ಜಿಲೆಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವ ರೂಢಿ ಇದೆ. ಗಿನ್ನೆಸ್ ಬಿಯರ್‌ನವರೂ ಮೀನಿನದನ್ನು ಬಿಡುತ್ತೇವೆ ಅಂತ ಹೇಳಿದ್ದು 2015ರಲ್ಲಿ. ಬೆಂಟೊನೈಟ್ ಜೇಡಿಮಣ್ಣಿನಿಂದಲೂ ವೈನ್ ತಿಳಿಯಾಗುತ್ತದೆ. ಬಾಟಲಿಯ ಲೇಬಲ್ ಮಾತ್ರ ನೋಡಿದರೆ ಇದು ಎಷ್ಟೋ ಸಲ ಗೊತ್ತಾಗಲ್ಲ. ಹಾಗಾಗಿ ಕಂಪನಿಗೆ ಬರೆದು ಕೇಳುತ್ತೇವೆ. ಉತ್ತರ ಬರದಿದ್ದರೆ ಆ ಬಾಟಲಿ ಇಡಲ್ಲ. ವಿಸ್ಕಿಗೆ ನಿಂಬೆರಸ ಬೆರೆಸಿ ಮಾಡುವ 'ವಿಸ್ಕಿ ಸಾವರ್' ಕಾಕ್‌ಟೇಲ್‌ನ ನೊರೆಗೆ ಮೊಟ್ಟೆ ಬದಲು ಕಾಬೂಲಿ ಕಡಲೆ ಬೇಯಿಸಿದ ನೀರು ಹಾಕುತ್ತೇವೆ, ಚೆನ್ನಾಗಿ ಕುಲುಕಿದರೆ ಅದೇ ಥರ ನೊರೆ ಬರುತ್ತದೆ.

ಲೈಸೆನ್ಸ್ ದೊಡ್ಡ ತಲೆನೋವು. 1992ರ ನಂತರ ದಶಕಗಳ ಕಾಲ ರಾಜ್ಯದಲ್ಲಿ ಹೊಸ ಸಿಎಲ್-9 (ಬಾರ್ ಮತ್ತು ರೆಸ್ಟೋರೆಂಟ್ ಲೈಸೆನ್ಸ್) ಕೊಡಲಿಲ್ಲ. ಹಳೆಯದಕ್ಕೆ ಬೆಲೆ ಏರಿದ್ದು ಅದಕ್ಕೇ. ಬೇರೆಯವರ ಹೆಸರಿನ ಲೈಸೆನ್ಸನ್ನು ಬಾಯಿಮಾತಿನ ಲೀಸ್‌ಗೆ ಹಿಡಿಯಬೇಡಿ. ನಾನು ಲೈಸೆನ್ಸ್ ಇದ್ದ ಗೆಳೆಯನನ್ನೇ ಪಾಲುದಾರ ಮಾಡಿಕೊಂಡು, ಎಲ್ಲಾ ಕಾಗದದ ಮೇಲೆ ತಂದೆ. ಇನ್ನೊಂದು ಮಾತು, ಮದ್ಯ ಜಿಎಸ್‌ಟಿಗೆ ಬರಲ್ಲ, ಊಟ ಬರುತ್ತದೆ. ಲೆಕ್ಕ ಮೊದಲಿಂದಲೇ ಬೇರೆ ಬೇರೆ ಇಡಿ.

ನೀತಿ-ನಿಯತ್ತಿನ ಪ್ರಶ್ನೆಗೆ ಎರಡು ಘಟನೆ ಹೇಳುತ್ತೇನೆ. ಒಮ್ಮೆ ಹೊರಗಿನ ಒಂದು ಬೇಕರಿಯಿಂದ ಬನ್ ತರಿಸುತ್ತಿದ್ದೆವು. ಹಾಲು ಹಾಕಿಲ್ಲ ಅಂದಿದ್ದರು. ಮೂರು ವಾರದ ಮೇಲೆ ಅದರಲ್ಲಿ ಹಾಲಿನ ಪುಡಿ ಇದೆ ಅಂತ ಗೊತ್ತಾಯಿತು. ಹಾಲು ಅಲರ್ಜಿ ಇರೋರು ನಮ್ಮನ್ನು ನಂಬಿ ಬರ್ತಾರೆ. ಅವತ್ತೇ ಬಾಗಿಲಲ್ಲಿ ದೊಡ್ಡದಾಗಿ ಬರೆದು ಹಾಕಿದೆವು, ಫೋನ್ ನಂಬರ್ ಇದ್ದವರಿಗೆಲ್ಲ ಕರೆ ಮಾಡಿದೆವು. ಕೆಲವರು ಬೈದರು, ಬೈಸಿಕೊಳ್ಳಲೇಬೇಕಿತ್ತು. ಈಗ ಬನ್ ನಾವೇ ಮಾಡುತ್ತೇವೆ.

ಇನ್ನೊಂದು ಬಾರ್‌ನಲ್ಲಿ ನಡೆದದ್ದು. ಒಬ್ಬರು ಪ್ರತಿ ಶುಕ್ರವಾರ ಬಂದು ಮಿತಿಮೀರಿ ಕುಡಿಯುತ್ತಿದ್ದರು. ಒಂದು ರಾತ್ರಿ ಅವರ ಹೆಂಡತಿ ಮಗುವನ್ನು ಎತ್ತಿಕೊಂಡು ಹುಡುಕಿಕೊಂಡು ಬಂದರು. ಆ ಹೊತ್ತಿನಲ್ಲಿ ಅವರಿಗೆ ಇನ್ನೊಂದು ಪೆಗ್ ಹಾಕುತ್ತಿದ್ದವನು ನಮ್ಮ ಹುಡುಗನೇ. ಪೆಗ್ ಲೆಕ್ಕದಲ್ಲಿ ಅವನಿಗೆ ಇನ್ಸೆಂಟಿವ್ ಕೊಡುತ್ತಿದ್ದವನು ನಾನೇ. ಮರುದಿನವೇ ಅದನ್ನು ನಿಲ್ಲಿಸಿ, ಆ ದುಡ್ಡನ್ನು ಎಲ್ಲರ ಸಂಬಳಕ್ಕೆ ಸೇರಿಸಿದೆ. ಈಗ ನಮ್ಮ ಹುಡುಗರು "ಸಾಕು ಸರ್, ಊಟ ತರ್ತೀನಿ" ಅಂತ ಧೈರ್ಯವಾಗಿ ಹೇಳುತ್ತಾರೆ. ಬಾರ್ ವ್ಯಾಪಾರ ಇಳಿಯಿತು. ಅಷ್ಟು ಇಳಿದರೆ ಇಳಿಯಲಿ ಅಂತ ಪಾಲುದಾರನೂ ಒಪ್ಪಿದ್ದಾನೆ. ನೀವು ಜೊತೆಗಾರರನ್ನು ಹುಡುಕುವಾಗ ಈ ಮಾತನ್ನು ಮೊದಲೇ ಆಡಿಕೊಳ್ಳಿ.

ಅಂಗಡಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ತಿಂಗಳು ಮನೆಯಲ್ಲೇ ಆ ಮೊಸರು ಮಾಡಿ ನೋಡಿ. ಹುಬ್ಬಳ್ಳಿ ಚಳಿಗೆ ಹೆಪ್ಪು ಕೂರಲು ಹೊತ್ತು ಹಿಡಿಯಬಹುದು. ಕೂರದಿದ್ದರೆ ಇಲ್ಲೇ ಬರೆಯಿರಿ, ಏನು ತಪ್ಪಾಯಿತು ನೋಡೋಣ.