ಬಸುರಿ ಕಳ್ಳು ಕುಡಿದಿದ್ದರೆ ಹುಟ್ಟಿದ ಮಗುವನ್ನು ಪರೀಕ್ಷಿಸಿ ತಿಳಿಯಬಹುದಾ?

ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಮದ್ಯ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಹೋಗಿಬಿಡುತ್ತದೆ. ಹಾಗಾಗಿ ಅದು ಬಿಟ್ಟುಹೋದ ಗುರುತು ಹುಡುಕಬೇಕು.

ಜಾಸ್ತಿ ಹೇಳುವುದು ಮಗುವಿನ ಮೊದಲ ಕಪ್ಪು ಮಲ, ಅಂದರೆ ಮೆಕೋನಿಯಂ. ಅದು ಗರ್ಭದಲ್ಲೇ ತಿಂಗಳುಗಟ್ಟಲೆ ಶೇಖರವಾಗುತ್ತದೆ. ಮದ್ಯ ಕೊಬ್ಬಿನ ಆಮ್ಲಗಳ ಜೊತೆ ಸೇರಿ ಆಗುವ ಎಸ್ಟರ್ ಎಂಬ ವಸ್ತುಗಳು ಮತ್ತು ದೇಹ ಮದ್ಯವನ್ನು ಕರಗಿಸುವಾಗ ಉಂಟಾಗುವ ಎಥೈಲ್ ಗ್ಲುಕುರೊನೈಡ್ ಅದರಲ್ಲಿ ಉಳಿಯುತ್ತವೆ. ಸುಮಾರು 20ನೇ ವಾರದ ನಂತರದ ಕುಡಿತವಷ್ಟೇ ಹೀಗೆ ಗೊತ್ತಾಗುತ್ತದೆ. ಅಂಗಗಳು ಮೂಡುವುದು ಮೊದಲ ಮೂರು ತಿಂಗಳಲ್ಲಿ ಅಲ್ವಾ? ಆ ಕಾಲದ್ದು ಸಿಗುವುದೇ ಇಲ್ಲ, ನನಗೆ ಬೇಸರ ತರುವ ಮಿತಿ ಇದು. ಹಾಲು ಕುಡಿದ ಮೇಲಿನ ಹಳದಿ ಮಲ ಪರೀಕ್ಷೆಗೆ ಆಗದು. ಹಾಗಾಗಿ ಮೊದಲ ಒಂದೆರಡು ದಿನದಲ್ಲೇ ಮಾದರಿ ತೆಗೆಯಬೇಕು.

ಮಗುವಿನ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ಒಣಗಿಸಿದ ರಕ್ತದಲ್ಲಿ, ಮದ್ಯದಿಂದಲೇ ಉಂಟಾಗುವ ಫಾಸ್ಫಟಿಡೈಲ್ ಎಥನಾಲ್ ಎಂಬ ವಸ್ತುವನ್ನು ನೋಡುವ ದಾರಿಯೂ ಇದೆ. ಅದು ಹೆರಿಗೆಗೆ ಮುಂಚಿನ ಕೆಲವು ವಾರಗಳ ಕಥೆ ಮಾತ್ರ.

ನಮ್ಮ ಕಾಸರಗೋಡಿನ ಕಡೆ ಬಾಣಂತಿಗೆ ದಶಮೂಲಾರಿಷ್ಟ ಕೊಡುತ್ತಾರೆ. ಅದರಲ್ಲೂ ಮದ್ಯದ ಅಂಶವಿದೆ. ಆದರೆ ಹೆರಿಗೆಯ ನಂತರ ಕುಡಿದದ್ದು ಮೆಕೋನಿಯಂನಲ್ಲಿ ಕಾಣದು, ಸುಮ್ನೆ ಗಾಬರಿ ಬೇಡ. ಬಸುರಿಯಾಗಿದ್ದಾಗ ಕುಡಿದಿದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ಗುರುತು ಸಿಕ್ಕರೂ ಮಗುವಿಗೆ ತೊಂದರೆ ಆಗಿಯೇ ಇದೆ ಎಂದರ್ಥವಲ್ಲ. ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಬೇಕಾಗುತ್ತದೆ.